ಅಂಚಿನಲ್ಲಿ ಬರೆದದ್ದು

ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಊಟದ ಬೆಲ್ಲು ಹನ್ನೆರಡೂವರೆಗೆ.
ಅರ್ಧ ಗಂಟೆ. ಕೈ ತೊಳೆಯುವ ಸಾಲೂ ಅದರಲ್ಲೇ, ನಲ್ಲಿ ಮೂರು.
ನನಗೆ ಕೊಟ್ಟಿದ್ದು ಕ್ಯಾಂಟೀನಿನ ಮೂಲೆ, ಒಂದು ಮೇಜು,
ಅದರ ಗಿಡ್ಡ ಕಾಲಿನಡಿ ಮಡಚಿಟ್ಟ ಕಾಲರ್ ಬಟ್ಟೆ.

ಬೆರಳು ಕೊಡಿ ಎಂದರೆ ನಗುತ್ತಾರೆ.
ದಿನವಿಡೀ ಸೂಜಿಯ ಬಾಯಿಯಲ್ಲೇ ಆಡುವವರು
ನನ್ನ ಸೂಜಿ ಕಂಡರೆ ಮಾತ್ರ ಮುಖ ತಿರುಗಿಸುತ್ತಾರೆ.
ಒಂದು ಹನಿ. ಪಟ್ಟಿ ಹೀರುತ್ತದೆ. ಯಂತ್ರ ಯೋಚಿಸುತ್ತದೆ.
ಒಂಬತ್ತು ಪಾಯಿಂಟ್ ಎರಡು. ಹತ್ತು. ಎಂಟು ಪಾಯಿಂಟ್ ನಾಲ್ಕು.
ಹನ್ನೆರಡು ಇರಬೇಕಮ್ಮಾ, ಅನ್ನುತ್ತೇನೆ.
"ನಮ್ಮ ಲೈನಲ್ಲಿ ಗಂಟೆಗೆ ನೂರಿಪ್ಪತ್ತು ಇರ್ಬೇಕು ಮೇಡಂ,
ಅದೊಂದೇ ನಂಬರ್ ನಮಗೆ ಗೊತ್ತಿರೋದು," ಅಂದಳು ಶಬೀನಾ.

ಡಬ್ಬಿ ನೋಡುವುದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ.
ನೋಡುತ್ತೇನೆ.
ಅರಬಿಳಚಿಯಿಂದ ಆರೂಕಾಲಿನ ಬಸ್ಸಿಗೆ ಓಡಿ ಬಂದ ಡಬ್ಬಿ:
ಅನ್ನ, ಮೇಲೆ ಬಸ್ಸಾರಿನ ತಿಳಿ.
ಬಸಿದ ಸೊಪ್ಪು ಅಪ್ಪನ ಮುದ್ದೆಗೆ, ಕಾಳು ತಮ್ಮನಿಗೆ,
ನೀರು ಇವಳಿಗೆ.
ಬಾಟಲಿ ಮಾತ್ರ ತುಂಬಿದ್ದು ತುಂಬಿದ ಹಾಗೇ.
ಕುಡಿದರೆ ಎದ್ದು ಹೋಗಬೇಕು,
ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ.

ನಾನು ಹೇಳಬೇಕಾದ್ದು ಬಾಯಿಪಾಠ:
ಕೂಸು ಹೊಟ್ಟೆಯಲ್ಲಿ ಕೂತ ಮೇಲೆ ಉಣ್ಣಲು ಶುರು ಮಾಡುವುದಲ್ಲ ತಾಯಿ,
ಕೂಸಿನ ಯೋಚನೆಯೂ ಇಲ್ಲದಾಗಲೇ ಉಣ್ಣಬೇಕು.
ಅದರ ಬೆನ್ನು ಕೂಡಿಕೊಳ್ಳುವುದು
ಮುಟ್ಟು ತಪ್ಪಿತೋ ಇಲ್ಲವೋ ಎಂದು ನೀವು ಬೆರಳೆಣಿಸುವಷ್ಟರೊಳಗೆ.
ಹೇಳಿ ಮುಗಿಸುವಾಗ ನನಗೇ ಅನುಮಾನ:
ಇನ್ನೂ ಬಾರದ ನೆಂಟನಿಗೆ ಎಲೆ ಹಾಕುತ್ತಿದ್ದೇನೆಯೇ,
ಎದುರಿಗೆ ಹಸಿದು ಕೂತವಳನ್ನು ಬಿಟ್ಟು?

ಎಂಟು ಪಾಯಿಂಟ್ ನಾಲ್ಕು ನೇತ್ರಾವತಿಯದು.
ಶಾಲೆಯಲ್ಲಿ ಸೋಮವಾರ ಸೋಮವಾರ ನೀಲಿ ಮಾತ್ರೆ ನುಂಗಿದವಳು.
ಈಗ ಇಪ್ಪತ್ತೆರಡು, ಕೆಂಪು ಮಾತ್ರೆಯ ವಯಸ್ಸು.
ಬಸುರಿಯರಿಗೂ ಅದೇ ಕೆಂಪು.
ಬಣ್ಣ ಆರಿಸಿದವರ ಮನೆಯಲ್ಲಿ
ಮದುವೆಗೆ ಬಂದ ಮಗಳಿರಲಿಲ್ಲವೇನೋ.

ಗುರುವಾರ ಫೋನು. "ಮೇಡಂ, ಅವ್ವ ಬ್ಯಾಗ್ ನೋಡ್ಬಿಟ್ಳು.
ಯಾರ್ದು ಹೇಳು ಅಂತ ಕೂತಿದಾಳೆ. ಕೆಲಸಕ್ಕೆ ಕಳಿಸಲ್ವಂತೆ."

ಸಂಜೆ ಹೋದೆ, ಭದ್ರಾ ಕಾಲುವೆಯ ಏರಿಯ ಮೇಲೆ ಸ್ಕೂಟಿ ಕುಣಿಸುತ್ತ.
ಹಾಲಮ್ಮ ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದಳು,
ಕಲ್ಲು ಹುಡುಕುವ ಕಣ್ಣಲ್ಲೇ ನನ್ನನ್ನೂ ನೋಡಿದಳು.
"ಆಗದೆ ಇರೋಳಿಗೆ ಆದೋಳ ಮಾತ್ರೆ ಯಾಕೆ ಕೊಟ್ರಿ?"
ರಕ್ತ ಎಂದೆ, ಕಬ್ಬಿಣ ಎಂದೆ, ಬಿತ್ತುವ ಮುಂಚಿನ ಗೊಬ್ಬರ ಎಂದೆ.
ಯಾವುದೂ ತಾಗಲಿಲ್ಲ.
ಕೊನೆಗೆ, ನೀನು ಇವಳನ್ನು ಹೆತ್ತಾಗ, ಎಂದು ಬರೀ ಅಷ್ಟು ಕೇಳಿದೆ.

ಮೊರ ನಿಂತಿತು.
"ಇವಳಿಗೂ ಮುಂಚೆ ಎರಡು. ಒಂದಕ್ಕೆ ಬೆನ್ನು ಮುಚ್ಚಿರ್ಲಿಲ್ಲ.
ಗ್ರಹಣದಾಗೆ ತಿರುಗಿದೀಯ ಅಂದ್ರು.
ನಾನು ಹೊಸಿಲೇ ದಾಟಿರ್ಲಿಲ್ಲ ಅವತ್ತು.
ದೀಪ ಮುಟ್ಟಿ ಹೇಳಿದ್ರೂ ಯಾರೂ ನಂಬ್ಲಿಲ್ಲ."
ನೇತ್ರಾ ಬಾಗಿಲಿಗೆ ಬಂದಳು. ಅವಳಿಗೂ ಇದು ಹೊಸತು.

ಹಾಲಮ್ಮ ಸೆರಗಿಗೆ ಕೈ ಒರೆಸಿ ನನ್ನತ್ತ ಚಾಚಿದಳು.
"ನಂದೂ ಚುಚ್ಚು."
ಹನಿ ಬರಲು ಬೆರಳನ್ನು ಎರಡು ಸಲ ಒತ್ತಬೇಕಾಯಿತು.
ಆರು ಪಾಯಿಂಟ್ ಒಂಬತ್ತು.
"ವಯಸ್ಸು?"
"ಐವತ್ತೊಂದೋ ಎರಡೋ."

ನಮ್ಮ ಫಾರಂ ನಲವತ್ತೊಂಬತ್ತಕ್ಕೆ ಮುಗಿಯುತ್ತದೆ.
ಹೆರುವ ವಯಸ್ಸು ದಾಟಿದ ರಕ್ತಕ್ಕೆ ಅದರಲ್ಲಿ ಮನೆಯಿಲ್ಲ.
ಅಂಚಿನಲ್ಲಿ, ಪಂಚ್ ಮಾಡಿದ ತೂತಿನ ಪಕ್ಕ
ಬರೆದುಕೊಂಡೆ, ಪೆನ್ಸಿಲಿನಲ್ಲಿ.
ಅಳಿಸಿ ಹೋದೀತೆಂದು ಆಮೇಲೆ ಪೆನ್ನಿನಲ್ಲಿ ತಿದ್ದಿದೆ.

"ಉಂಡು ಹೋಗಿ ಮೇಡಂ, ಬಸ್ಸಾರು," ಅಂದಳು ನೇತ್ರಾ.
ಸೊಪ್ಪೂ ಬಡಿಸ್ತೀಯಾ, ಎಂದೆ.
ಹಾಲಮ್ಮ ಮೊದಲ ಸಲ ನಕ್ಕಳು. ಮೂರು ತಟ್ಟೆ ತಂದಳು.
ಪಲ್ಯದ ಮುಚ್ಚಳ ತೆಗೆಯುವ ಮುಂಚೆ
ಒಮ್ಮೆ ತಿರುಗಿ
ರಸ್ತೆಯ ಕಡೆ ನೋಡಿದಳು.